ಮಲಾವಿಯಲ್ಲಿ ಗ್ರಾಮಾಭಿವೃದ್ಧಿ ಸಂಸ್ಥೆಯ ಕಚೇರಿ ಬೆಳೆಸುವುದು ಹೇಗೆ: ಒಂದು ಜಿಲ್ಲೆಯಿಂದ ಮೂರು ಜಿಲ್ಲೆಗೆ

ಆಫ್ರಿಕದ ಒಂದು ದೇಶದಲ್ಲಿ ಗ್ರಾಮಾಭಿವೃದ್ಧಿ ಸಂಸ್ಥೆಯ ಕಚೇರಿ ನಡೆಸುವವರಿಗೆ ಮತ್ತು ದೂರದ ಕೇಂದ್ರ ಕಚೇರಿಯಲ್ಲಿ ಕುಳಿತು ಅದಕ್ಕೆ ಹಣ, ನಿರ್ಧಾರ ಎರಡನ್ನೂ ಕಳಿಸುವವರಿಗೆ ಈ ಲೇಖನ. ‘ಆಫ್ರಿಕದಲ್ಲಿ ಹೀಗೆ’ ಎಂದು ಒಟ್ಟಾರೆ ಹೇಳಿದ ಸಲಹೆ ಯಾವ ದೇಶಕ್ಕೂ ಸರಿಹೊಂದುವುದಿಲ್ಲ. ಮಳೆ ಬೇರೆ, ಕಾನೂನು ಬೇರೆ, ಭೂಮಿಯ ಹಕ್ಕು ಬೇರೆ. ಆದ್ದರಿಂದ ಇಲ್ಲಿ ಮಲಾವಿಯನ್ನೇ ಇಟ್ಟುಕೊಂಡು ಹೇಳುತ್ತೇವೆ. ಬೇರೆ ದೇಶದಲ್ಲಿರುವವರು ಹೆಸರು, ತಿಂಗಳು ಬದಲಿಸಿಕೊಂಡರೆ ಹೆಚ್ಚಿನ ಹೆಜ್ಜೆಗಳು ಅಲ್ಲಿಗೂ ಬರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಇಂಥ ಕಚೇರಿಗಳು ಹಣವಿಲ್ಲದ ವರ್ಷಗಳನ್ನು ಹೇಗೋ ದಾಟಿಬಿಡುತ್ತವೆ. ಅವು ಎಡವುವುದು ದೊಡ್ಡ ಅನುದಾನ ಬಂದ ಮರುವರ್ಷ. ಒಂದು ಜಿಲ್ಲೆಯಲ್ಲಿ ಹದಿನೈದು ಜನರ ಕೆಲಸ ನೋಡಿಕೊಳ್ಳುತ್ತಿದ್ದ ತಂಡದ ಮೇಲೆ ಏಕಾಏಕಿ ಮೂರು ಜಿಲ್ಲೆ, ಅರವತ್ತು ಜನ, ಐದು ದಾನಿಗಳ ಲೆಕ್ಕ ಬೀಳುತ್ತದೆ. ಎಷ್ಟು ಕೆಲಸವನ್ನು ಕಣ್ಣಾರೆ ನೋಡಿ ತಾಳೆ ಹಾಕಬಲ್ಲಿರೋ ಅಷ್ಟೇ ಬೆಳೆಯಿರಿ. ಮುಂದಿನ ಹೆಜ್ಜೆಗಳೆಲ್ಲ ಈ ಲೆಕ್ಕದ ಮೇಲೇ ನಿಂತಿವೆ.

ಹೆಜ್ಜೆ 1: ಮಳೆಯ ಲೆಕ್ಕಕ್ಕೆ ಕಚೇರಿಯ ವರ್ಷವನ್ನು ಹೊಂದಿಸಿ

ಮಲಾವಿಯಲ್ಲಿ ಮಳೆಗಾಲ ಒಂದೇ. ನವೆಂಬರ್ ಹೊತ್ತಿಗೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ರೈತರು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುದ್ದಲಿಯಿಂದ ಬೋದು ಎಳೆಯುತ್ತಾರೆ, ಮೊದಲ ಹದವಾದ ಮಳೆಗೆ ಮೆಕ್ಕೆಜೋಳ ಬಿತ್ತುತ್ತಾರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಿಂದಿನ ವರ್ಷದ ದಾಸ್ತಾನು ಮುಗಿದು ಮನೆಗಳಲ್ಲಿ ಹಸಿವು. ಏಪ್ರಿಲ್, ಮೇನಲ್ಲಿ ಕೊಯ್ಲು. ಮೇಯಿಂದ ಅಕ್ಟೋಬರ್‌ವರೆಗೆ ಒಣ ತಿಂಗಳು: ಕೊಳವೆಬಾವಿ ಕೊರೆಯಲು, ಕಟ್ಟಡ ಕಟ್ಟಲು, ತರಬೇತಿ ಕೊಡಲು ಇದೇ ಕಾಲ. ಜನವರಿ, ಫೆಬ್ರುವರಿಯಲ್ಲಿ ಹಲವು ಮಣ್ಣುರಸ್ತೆಗಳಲ್ಲಿ ಲಾರಿ ಓಡುವುದಿಲ್ಲ.

ಇಲ್ಲಿ ಎಡವಟ್ಟು ಆಗುವುದು ಹೀಗೆ. ದಾನಿಯ ಒಪ್ಪಂದ ಜನವರಿ ಒಂದಕ್ಕೆ ಶುರುವಾಗುತ್ತದೆ. ಮೊದಲ ತ್ರೈಮಾಸಿಕದಲ್ಲೇ ಬೀಜ ವಿತರಣೆ ಎಂದು ಯೋಜನೆಯಲ್ಲಿ ಬರೆದಿರುತ್ತಾರೆ. ಖರೀದಿ ಮುಗಿದು ಬೀಜ ಹಳ್ಳಿಗೆ ತಲುಪುವುದು ಮಾರ್ಚ್‌ನಲ್ಲಿ. ಅಷ್ಟರಲ್ಲಿ ಹೊಲದಲ್ಲಿ ತೆನೆ ಬಲಿಯುತ್ತಿರುತ್ತದೆ, ಮನೆಯಲ್ಲಿ ಹಿಟ್ಟು ಖಾಲಿ. ಕೊಟ್ಟ ಬೀಜ ಬೀಸುವ ಗಿರಣಿಗೆ ಹೋಗುತ್ತದೆ, ಅದಕ್ಕೆ ರೈತರನ್ನು ದೂರಿ ಫಲವಿಲ್ಲ. ಒಪ್ಪಂದ ಜನವರಿಯಲ್ಲಿ ಶುರುವಾದರೆ ಮೊದಲ ನಾಲ್ಕು ತಿಂಗಳನ್ನು ನೇಮಕಾತಿ, ಜಿಲ್ಲಾ ಮಂಡಳಿಯ ಒಪ್ಪಿಗೆ, ಹಳ್ಳಿ ಆಯ್ಕೆಗೆ ಮೀಸಲಿಡಿ. ಬೀಜದ ಟೆಂಡರ್ ಜೂನ್‌ನಲ್ಲಿ ಕರೆಯಿರಿ, ಆಗಸ್ಟ್‌ನಲ್ಲಿ ಆದೇಶ ಕೊಡಿ, ಅಕ್ಟೋಬರ್ 15ರೊಳಗೆ ಮೂಟೆಗಳು ಹಳ್ಳಿಯ ಉಗ್ರಾಣದಲ್ಲಿರಲಿ.

ಸಮೀಕ್ಷೆಯ ತಿಂಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆರಂಭದ ಸಮೀಕ್ಷೆಯನ್ನು ಫೆಬ್ರುವರಿಯಲ್ಲಿ ಮಾಡಿ, ಕೊನೆಯದನ್ನು ಮೇನಲ್ಲಿ ಮಾಡಿದರೆ ‘ದಿನಕ್ಕೆ ಎಷ್ಟು ಊಟ’ ಎಂಬ ಪ್ರಶ್ನೆಗೆ ಭಾರಿ ಸುಧಾರಣೆ ಕಾಣುತ್ತದೆ. ಅದು ಕೊಯ್ಲಿನ ಫಲ, ನಿಮ್ಮ ಯೋಜನೆಯದ್ದಲ್ಲ. ತಿಂಗಳು ತಿರುಗುಮುರುಗಾದರೆ ಒಳ್ಳೆಯ ಯೋಜನೆಯೂ ಸೋತಂತೆ ಕಾಣುತ್ತದೆ. ಎರಡೂ ಸಮೀಕ್ಷೆ ಒಂದೇ ತಿಂಗಳಲ್ಲಿ ನಡೆಯಲಿ, ಸಾಧ್ಯವಿದ್ದರೆ ಒಂದೇ ಪಕ್ಷದಲ್ಲಿ.

2022ರಿಂದ ಮಲಾವಿ ಸರ್ಕಾರದ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ನಮ್ಮಲ್ಲಿದ್ದಂತೆಯೇ. ಅದಕ್ಕೂ ಮುಂಚೆ ಜುಲೈಯಿಂದ ಜೂನ್ ಇತ್ತು. ಹಳೆಯ ನಮೂನೆಗಳಲ್ಲಿ ಈಗಲೂ ಹಳೆಯ ತ್ರೈಮಾಸಿಕಗಳು ಸಿಗುತ್ತವೆ, ನೋಡಿ ಬಳಸಿ.

ಹೆಜ್ಜೆ 2: ಕಾಗದಪತ್ರ, ಅನುಮತಿ

ಮೊದಲು ಸಂಸ್ಥೆಗೆ ಅಲ್ಲಿನ ಕಾನೂನಿನ ದೇಹ ಬೇಕು. ಟ್ರಸ್ಟಿಗಳ ಕಾಯ್ದೆಯಡಿಯೋ, ಷೇರು ಬಂಡವಾಳವಿಲ್ಲದ ಗ್ಯಾರಂಟಿ ಕಂಪನಿಯಾಗಿಯೋ ನೋಂದಾಯಿಸಿ. ಆಮೇಲೆ ಸ್ವಯಂಸೇವಾ ಸಂಸ್ಥೆಗಳ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ. ಜನ ಇದನ್ನು ಎನ್‌ಗೋರಾ ಎಂದೇ ಕರೆಯುತ್ತಾರೆ. 2000ದ ಕಾಯ್ದೆಯಡಿ ಮಂಡಳಿಯಾಗಿದ್ದದ್ದು 2022ರ ತಿದ್ದುಪಡಿಯಿಂದ ಪ್ರಾಧಿಕಾರವಾಯಿತು. ನಿರ್ದೇಶಕರು ಅಥವಾ ಟ್ರಸ್ಟಿಗಳಲ್ಲಿ ಕನಿಷ್ಠ ಇಬ್ಬರು ಮಲಾವಿಯ ನಾಗರಿಕರಿರಬೇಕು. ಈ ಇಬ್ಬರನ್ನು ಸಹಿಗೆಂದು ಹುಡುಕಿಕೊಳ್ಳುವ ಸಂಸ್ಥೆಗಳಿವೆ, ಆ ದಾರಿ ಹಿಡಿಯಬೇಡಿ. ಒಬ್ಬರು ಲೆಕ್ಕಪತ್ರ ಬಲ್ಲವರು, ಇನ್ನೊಬ್ಬರು ಕೃಷಿ ಅಥವಾ ಸ್ಥಳೀಯ ಆಡಳಿತದಲ್ಲಿ ದುಡಿದವರು ಇದ್ದರೆ ಕಷ್ಟದ ದಿನ ಅವರೇ ಕಚೇರಿಯನ್ನು ಹಿಡಿದು ನಿಲ್ಲಿಸುತ್ತಾರೆ. ಸಂಸ್ಥೆಗಳ ಒಕ್ಕೂಟವಾದ ಕಾಂಗೋಮಾದ ಸದಸ್ಯತ್ವವನ್ನೂ ಪಡೆಯಿರಿ.

ವಾರ್ಷಿಕ ವರದಿ ಮತ್ತು ಲೆಕ್ಕ ಪರಿಶೋಧನಾ ವರದಿ ಪ್ರಾಧಿಕಾರಕ್ಕೆ ಹೋಗಬೇಕು. ಇದು ತಪ್ಪಿದರೆ ವಿದೇಶಿ ಸಿಬ್ಬಂದಿಯ ಕೆಲಸದ ಪರವಾನಗಿ, ಆಮದು ಸುಂಕದ ರಿಯಾಯಿತಿ ಪತ್ರ ಮುಂತಾದ ಕಡತಗಳೂ ನಿಂತುಹೋಗುತ್ತವೆ. ತಾತ್ಕಾಲಿಕ ಉದ್ಯೋಗ ಪರವಾನಗಿಗೆ ಅವಧಿ ಮುಗಿಯುವ ಆರು ತಿಂಗಳು ಮೊದಲೇ ಅರ್ಜಿ ಹಾಕಿ. ಆ ಹುದ್ದೆಗೆ ಮಲಾವಿಯವರು ಯಾಕೆ ಸಿಗಲಿಲ್ಲ, ಯಾರನ್ನು ಆ ಹುದ್ದೆಗೆ ತಯಾರು ಮಾಡುತ್ತಿದ್ದೀರಿ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಕಾಗದದ ಮೇಲೆ ಇರಲಿ, ನಿಜವೂ ಆಗಿರಲಿ.

ಕರ್ನಾಟಕದ ಟ್ರಸ್ಟೊಂದು ಮಲಾವಿಯಲ್ಲಿ ಕೆಲಸ ಮಾಡಲು ಹೊರಟರೆ ಇನ್ನೆರಡು ಗಂಟುಗಳಿವೆ. ಭಾರತದ ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ, ವಿದೇಶದಿಂದ ಆ ಕಾಯ್ದೆಯ ಖಾತೆಗೆ ಬಂದ ಹಣವನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಭಾರತದ ಹೊರಗೆ ಖರ್ಚು ಮಾಡಿದ ಆದಾಯಕ್ಕೆ ತೆರಿಗೆ ವಿನಾಯಿತಿ ತಾನಾಗಿ ಸಿಗುವುದಿಲ್ಲ, ನೇರ ತೆರಿಗೆ ಮಂಡಳಿಯ ಆದೇಶ ಬೇಕು. ಹಾಗಾಗಿ ಮಲಾವಿಯಲ್ಲೇ ಪೂರ್ಣ ಸ್ವತಂತ್ರ ಸಂಸ್ಥೆಯನ್ನು ನೋಂದಾಯಿಸಿ, ದಾನಿಗಳ ಹಣ ನೇರವಾಗಿ ಅಲ್ಲಿಗೇ ಬರುವಂತೆ ಮಾಡುವುದು, ಇಲ್ಲಿಂದ ತರಬೇತಿ ಮತ್ತು ಜ್ಞಾನವನ್ನಷ್ಟೇ ಕೊಡುವುದು ಸುಲಭದ ದಾರಿ. ಮೊದಲ ರೂಪಾಯಿ ಕಳಿಸುವ ಮುಂಚೆಯೇ ಲೆಕ್ಕ ಪರಿಶೋಧಕರಿಂದ ಲಿಖಿತ ಸಲಹೆ ಪಡೆಯಿರಿ.

ಹೆಜ್ಜೆ 3: ಬೋಮಾದಿಂದ ಹಳ್ಳಿಗೆ ಕ್ರಮವಾಗಿ ಇಳಿಯಿರಿ

ಜಿಲ್ಲಾ ಕೇಂದ್ರಕ್ಕೆ ಮಲಾವಿಯಲ್ಲಿ ಬೋಮಾ ಎನ್ನುತ್ತಾರೆ. ಅಲ್ಲಿ ಜಿಲ್ಲಾ ಮಂಡಳಿಯ ಕಚೇರಿ, ಅದರ ಮುಖ್ಯಸ್ಥರು ಡಿಸ್ಟ್ರಿಕ್ಟ್ ಕಮಿಷನರ್. ಅವರನ್ನು ಕಂಡು ಬಂದರೆ ಸಾಲದು. ಯೋಜನಾ ಮತ್ತು ಅಭಿವೃದ್ಧಿ ನಿರ್ದೇಶಕರ ಬಳಿ ಹೋಗಿ ಜಿಲ್ಲಾ ಕಾರ್ಯನಿರ್ವಾಹಕ ಸಮಿತಿಯ ಮುಂದಿನ ಸಭೆಯಲ್ಲಿ ಸಮಯ ಕೇಳಿ. ಕೃಷಿ, ನೀರು, ಆರೋಗ್ಯ, ಸಮುದಾಯ ಅಭಿವೃದ್ಧಿ ಇಲಾಖೆಗಳವರು, ಬೇರೆ ಸಂಸ್ಥೆಗಳವರು ಎಲ್ಲರೂ ಅಲ್ಲಿರುತ್ತಾರೆ. ಹತ್ತು ನಿಮಿಷದಲ್ಲಿ ನಾಲ್ಕು ವಿಷಯ ಹೇಳಿ: ಯಾವ ಪ್ರದೇಶ, ಎಷ್ಟು ಮನೆ, ಎಷ್ಟು ವರ್ಷ, ಒಟ್ಟು ಹಣದಲ್ಲಿ ಜಿಲ್ಲೆಯೊಳಗೆ ಖರ್ಚಾಗುವುದು ಎಷ್ಟು. ಕೊನೆಯ ಅಂಕಿಯನ್ನು ಮುಚ್ಚಿಡುವ ಸಂಸ್ಥೆಗಳ ಮೇಲೆ ಮಂಡಳಿಗೆ ನಂಬಿಕೆ ಬರುವುದಿಲ್ಲ, ಬರಬೇಕೂ ಇಲ್ಲ.

ಸಮಿತಿ ಒಪ್ಪಿ, ಮಂಡಳಿಯ ಜೊತೆ ಒಡಂಬಡಿಕೆಗೆ ಸಹಿ ಬಿದ್ದ ಮೇಲೆ ಆ ಪ್ರದೇಶದ ಸಾಂಪ್ರದಾಯಿಕ ಮುಖ್ಯಸ್ಥರ ಬಳಿ ಹೋಗಿ. ಎಲ್ಲರೂ ಅವರನ್ನು ಟಿಎ ಎನ್ನುತ್ತಾರೆ. ಅವರ ಕೆಳಗೆ ಗುಂಪು ಗ್ರಾಮಗಳ ಮುಖ್ಯಸ್ಥರು, ಅವರ ಕೆಳಗೆ ಹಳ್ಳಿಯ ಮುಖ್ಯಸ್ಥರು. ಹಲವೆಡೆ ಈ ಸ್ಥಾನದಲ್ಲಿ ಹೆಂಗಸರಿದ್ದಾರೆ. ಜೊತೆಯಲ್ಲೇ ಪ್ರದೇಶ ಅಭಿವೃದ್ಧಿ ಸಮಿತಿ, ಗ್ರಾಮ ಅಭಿವೃದ್ಧಿ ಸಮಿತಿಗಳಿವೆ. ಫಲಾನುಭವಿಗಳ ಪಟ್ಟಿಯನ್ನು ಮುಖ್ಯಸ್ಥರೊಬ್ಬರ ಕೈಗೆ ಕೊಟ್ಟು ಬರಬೇಡಿ. ಬಂಧುಗಳ ಹೆಸರು ಮೊದಲು ಬರೆಯಬೇಕೆಂಬ ಒತ್ತಡ ಅವರ ಮೇಲೂ ಇರುತ್ತದೆ. ಮಾನದಂಡವನ್ನು ಬಯಲಿನ ಸಭೆಯಲ್ಲಿ ಓದಿ, ಪಟ್ಟಿಯನ್ನು ಅಲ್ಲೇ ತಯಾರಿಸಿ, ಒಂದು ವಾರ ಶಾಲೆಯ ಗೋಡೆಗೆ ಅಂಟಿಸಿ, ತಕರಾರಿಗೆ ಒಂದು ದಿನ ಗೊತ್ತುಮಾಡಿ.

ಭತ್ಯೆಯ ವಿಷಯ ಮೊದಲ ಸಭೆಯಲ್ಲೇ ಬರುತ್ತದೆ. ತರಬೇತಿಗೆ, ಸಭೆಗೆ ಬಂದವರಿಗೆ ದಿನಭತ್ಯೆ ಕೊಡುವ ರೂಢಿ ಬಹಳ ಕಾಲದಿಂದ ಬೇರೂರಿದೆ. ಪಕ್ಕದ ಸಂಸ್ಥೆ ಕೊಡುವುದಕ್ಕಿಂತ ಹೆಚ್ಚು ಕೊಟ್ಟರೆ ಇಡೀ ಜಿಲ್ಲೆಯ ದರ ಕೆಡುತ್ತದೆ. ಏನೂ ಕೊಡದಿದ್ದರೆ ಐವತ್ತು ಕಿಲೋಮೀಟರ್ ದೂರದಿಂದ ಬಂದ ವಿಸ್ತರಣಾ ಅಧಿಕಾರಿ ತನ್ನ ಸಂಬಳದಿಂದ ಬಸ್ಸಿಗೆ ಹಾಕಬೇಕಾಗುತ್ತದೆ. ಜಿಲ್ಲೆಯಲ್ಲಿ ಒಪ್ಪಿದ ದರವನ್ನು ಮಂಡಳಿಯಿಂದ ಲಿಖಿತವಾಗಿ ಪಡೆದು ಅಷ್ಟನ್ನೇ ಕೊಡಿ. ಹಳ್ಳಿಯೊಳಗೇ ನಡೆಯುವ ಸಭೆಗೆ ಭತ್ಯೆ ಬೇಡ, ಊಟ ಸಾಕು. ನಗದು ಬದಲು ಏರ್‌ಟೆಲ್ ಮನಿ ಅಥವಾ ಎಂಪಾಂಬಾ ಎಂಬ ಮೊಬೈಲ್ ಹಣ ಸೇವೆಗಳ ಮೂಲಕ ಕೊಟ್ಟರೆ ಯಾರಿಗೆ ಎಷ್ಟು ಹೋಯಿತೆಂಬ ಲೆಕ್ಕ ತಾನಾಗಿ ಉಳಿಯುತ್ತದೆ.

ಹೆಜ್ಜೆ 4: ಮೊದಲ ಜಿಲ್ಲೆಯಲ್ಲಿ ಆಳಕ್ಕೆ ಇಳಿಯಿರಿ

ಎರಡನೇ ಜಿಲ್ಲೆಯ ಯೋಚನೆ ಬರುವ ಮುಂಚೆ ಕನಿಷ್ಠ ಎರಡು ಮಳೆಗಾಲ ಮೊದಲ ಜಿಲ್ಲೆಯಲ್ಲಿ ಕಳೆಯಬೇಕು. ಉದಾಹರಣೆಗೆ ಡೆಡ್ಜಾ ಎಂದಿಟ್ಟುಕೊಳ್ಳಿ. ಲಿಲಾಂಗ್ವೆಯಿಂದ ಎಂ1 ಹೆದ್ದಾರಿಯಲ್ಲಿ ಸುಮಾರು 85 ಕಿ.ಮೀ. ರಾಜಧಾನಿಯ ಕಚೇರಿಯಿಂದ ಬೆಳಿಗ್ಗೆ ಹೊರಟು ಹಳ್ಳಿ ನೋಡಿ ಸಂಜೆ ಮರಳಬಹುದು. ಆರಂಭದ ಜಿಲ್ಲೆಗೆ ಇಂಥ ಹತ್ತಿರ ಬಹಳ ಮುಖ್ಯ.

ಸಿಬ್ಬಂದಿಯ ಸಂಖ್ಯೆಯನ್ನು ಕೆಲಸದಿಂದ ಲೆಕ್ಕ ಹಾಕಿ. ಉಳಿತಾಯ ಗುಂಪುಗಳನ್ನು ಕಟ್ಟುವ ಕ್ಷೇತ್ರಾಧಿಕಾರಿ ಆರಂಭದ ತಿಂಗಳುಗಳಲ್ಲಿ ಪ್ರತಿ ಗುಂಪಿನ ವಾರದ ಸಭೆಗೂ ಹೋಗಬೇಕು. ದಿನಕ್ಕೆ ಮೂರು ಸಭೆ, ವಾರಕ್ಕೆ ನಾಲ್ಕು ದಿನ, ಐದನೇ ದಿನ ವರದಿ ಎಂದರೆ ಒಬ್ಬರಿಗೆ ಹನ್ನೆರಡು ಗುಂಪು. ಗುಂಪಿಗೆ ಇಪ್ಪತ್ತು ಜನರಂತೆ 240 ಸದಸ್ಯರು. ಹತ್ತು ಜನ ಕ್ಷೇತ್ರಾಧಿಕಾರಿಗಳಿದ್ದರೆ 120 ಗುಂಪು, 2,400 ಸದಸ್ಯರು. ಐವರಿಗೊಬ್ಬ ಮೇಲ್ವಿಚಾರಕರಂತೆ ಇಬ್ಬರು. ಮೇಲೆ ಸಂಯೋಜಕ, ಲೆಕ್ಕಪತ್ರದವರು, ಮಾಹಿತಿ ನೋಡುವವರು, ಉಗ್ರಾಣ ಮತ್ತು ಖರೀದಿಯವರು, ಚಾಲಕ. ಒಟ್ಟು ಹದಿನೇಳು. ‘ಮೊದಲ ವರ್ಷ 10,000 ಮನೆ’ ಎಂದು ದಾನಿ ಕೇಳಿದರೆ ಈ ಲೆಕ್ಕವನ್ನೇ ಮೇಜಿನ ಮೇಲಿಡಿ. ಒಬ್ಬ ಅಧಿಕಾರಿಗೆ ಐವತ್ತು ಗುಂಪು ಹಂಚಿದರೆ ಅವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬರಬಹುದಷ್ಟೆ.

ಉಳಿತಾಯ ಗುಂಪಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಕನ್ನಡದ ಓದುಗರು ಇಲ್ಲಿಯ ಸ್ವಸಹಾಯ ಸಂಘವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹೋಗುವುದು ಸಹಜ. ನಮ್ಮಲ್ಲಿ 1980ರ ದಶಕದಲ್ಲಿ ಮೈರಾಡಾದಂಥ ಸಂಸ್ಥೆಗಳು ಕಟ್ಟಿದ, 1992ರಲ್ಲಿ ನಬಾರ್ಡ್ ಬ್ಯಾಂಕಿಗೆ ಜೋಡಿಸಲು ತೊಡಗಿದ ಸಂಘಗಳಲ್ಲಿ ಉಳಿತಾಯ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ, ಅದರ ಬಲದ ಮೇಲೆ ಬ್ಯಾಂಕ್ ಸಾಲ ಸಿಗುತ್ತದೆ. ಮಲಾವಿಯಲ್ಲಿರುವುದು 1991ರಲ್ಲಿ ಕೇರ್ ಸಂಸ್ಥೆ ನೈಜರ್ ದೇಶದಲ್ಲಿ ಆರಂಭಿಸಿದ ಗ್ರಾಮ ಉಳಿತಾಯ ಮತ್ತು ಸಾಲ ಸಂಘದ ಮಾದರಿ. ಹದಿನೈದರಿಂದ ಇಪ್ಪತ್ತೈದು ಜನ. ಪ್ರತಿ ಸಭೆಯಲ್ಲಿ ಒಬ್ಬರು ಒಂದರಿಂದ ಐದು ಷೇರು ಕೊಳ್ಳಬಹುದು. ಹಣ ತಗಡಿನ ಪೆಟ್ಟಿಗೆಯಲ್ಲಿ, ಅದಕ್ಕೆ ಮೂರು ಬೀಗ, ಮೂರು ಕೀಲಿ ಮೂವರ ಮನೆಯಲ್ಲಿ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಆ ಹಣದಲ್ಲೇ ಸಾಲ. ಒಂಬತ್ತರಿಂದ ಹನ್ನೆರಡು ತಿಂಗಳಿಗೆ ಪೆಟ್ಟಿಗೆ ಬರಿದು ಮಾಡಿ ಷೇರಿನ ಪ್ರಕಾರ ಹಂಚಿಕೊಂಡು ಹೊಸದಾಗಿ ಶುರು ಮಾಡುತ್ತಾರೆ. ಸಾಲ ಮಂಜೂರಾತಿ, ಬಡ್ಡಿ, ದಂಡ ಎಲ್ಲವನ್ನೂ ಗುಂಪೇ ತೀರ್ಮಾನಿಸುತ್ತದೆ.

ಹಂಚಿಕೆಯ ಲೆಕ್ಕ ಹೀಗಿದೆ. ಷೇರಿನ ಬೆಲೆ 500 ಕ್ವಾಚಾ (ಮಲಾವಿಯ ಕರೆನ್ಸಿ), ವರ್ಷದಲ್ಲಿ ಮಾರಿದ ಷೇರು 2,000 ಎಂದುಕೊಳ್ಳಿ. ಬಡ್ಡಿ ಸೇರಿ ಪೆಟ್ಟಿಗೆಯಲ್ಲಿ 14 ಲಕ್ಷ ಕ್ವಾಚಾ ಇದ್ದರೆ ಒಂದು ಷೇರಿಗೆ 700. ತೊಂಬತ್ತು ಷೇರು ಇದ್ದವರಿಗೆ 63,000. ಈ ಲೆಕ್ಕವನ್ನು ಗುಂಪಿನ ಎಲ್ಲರ ಮುಂದೆ ದೊಡ್ಡ ದನಿಯಲ್ಲಿ ಮಾಡಬೇಕು, ಓದುಬರಹ ಬಾರದವರು ಪಾಸ್‌ಪುಸ್ತಕದ ಮುದ್ರೆಗಳನ್ನು ಎಣಿಸಿ ತಾಳೆ ನೋಡುತ್ತಾರೆ. ಹಂಚಿಕೆ ಅಕ್ಟೋಬರ್, ನವೆಂಬರಿಗೆ ಬೀಳುವಂತೆ ಗುಂಪು ಆರಂಭಿಸಿ, ಗೊಬ್ಬರ ಬೀಜ ಕೊಳ್ಳುವ ಹೊತ್ತಿಗೆ ಕೈಯಲ್ಲಿ ಹಣವಿರುತ್ತದೆ. ಹಂಚಿಕೆಯ ದಿನಾಂಕವನ್ನು ಊರೂರು ಸಾರಬೇಡಿ, ಆ ದಿನದ ಪೆಟ್ಟಿಗೆಗೆ ಕಳ್ಳರ ಕಣ್ಣು ಬೀಳುತ್ತದೆ. ಇನ್ನೊಂದು ಕಟ್ಟುನಿಟ್ಟು: ಸಂಸ್ಥೆಯ ಹಣವನ್ನು ಆ ಪೆಟ್ಟಿಗೆಗೆ ಎಂದೂ ಹಾಕಬೇಡಿ. ಹೊರಗಿನ ಹಣ ಬಿದ್ದ ಕ್ಷಣದಿಂದ ಸಾಲ ಮರಳಿಸುವ ನಿಷ್ಠೆ ಸಡಿಲವಾಗುತ್ತದೆ.

ಕುಡಿಯುವ ನೀರಿಗೆ ಬಂದರೆ, ನಮ್ಮ ಹಳ್ಳಿಗಳಲ್ಲಿ ಕಂಡ ಇಂಡಿಯಾ ಮಾರ್ಕ್ 2 ಕೈಪಂಪು ಮಲಾವಿಯಲ್ಲಿ ರೂಢಿಯಲ್ಲಿಲ್ಲ, ಅಲ್ಲಿ ಆಫ್ರಿಡೆವ್. ಮಾರ್ಕ್ 2ರಲ್ಲಿ ಕೆಳಗಿನ ಸಿಲಿಂಡರ್ ತಲುಪಲು ಕಬ್ಬಿಣದ ಪೈಪನ್ನೆಲ್ಲ ಮೇಲೆತ್ತಬೇಕು, ನಾಲ್ಕೈದು ಜನ ಮೆಕ್ಯಾನಿಕರು, ಸಲಕರಣೆ ಬೇಕು. ಆಫ್ರಿಡೆವ್‌ನಲ್ಲಿ ಪ್ಲಾಸ್ಟಿಕ್ ಪೈಪು ಒಳಗೇ ಉಳಿಯುತ್ತದೆ, ರಾಡುಗಳನ್ನಷ್ಟೇ ಎಳೆದು ಪಿಸ್ಟನ್ ಹೊರತೆಗೆಯಬಹುದು. ಒಂದೇ ಸ್ಪ್ಯಾನರ್, ಕೆಳಗಿನ ಕವಾಟ ಎತ್ತಲು ಒಂದು ಕೊಕ್ಕೆ ಸಾಕು. ತರಬೇತಿ ಪಡೆದ ಹೆಂಗಸರ ತಂಡ ಅರ್ಧ ದಿನದಲ್ಲಿ ರಿಪೇರಿ ಮುಗಿಸುತ್ತದೆ. ಆದರೆ ಇದು ಸುಮಾರು 45 ಮೀಟರ್ ಆಳದವರೆಗೆ ಮಾತ್ರ. ಅದಕ್ಕಿಂತ ಕೆಳಗೆ ನೀರಿರುವ ಕಡೆ ಹಾಕಿದರೆ ಹಿಡಿಕೆ ಭಾರವಾಗಿ, ರಾಡು ತುಂಡಾಗಿ, ವರ್ಷದೊಳಗೆ ಪಂಪು ನಿಲ್ಲುತ್ತದೆ. ಸವೆಯುವ ಭಾಗಗಳು ಯು-ಸೀಲ್, ಕವಾಟದ ಬಾಬಿನ್, ಓ-ರಿಂಗ್, ಹಿಡಿಕೆಯ ಬೇರಿಂಗ್ ಬುಷ್. ಸೀಲ್, ಬುಷ್‌ಗಳನ್ನು ಕೆಡುವವರೆಗೆ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ. ಒಂದು ಪಂಪಿಗೆ 250 ಜನ ಎಂಬ ಮಿತಿ ಮೀರಿದರೆ ಆರು ತಿಂಗಳಿಗೊಮ್ಮೆ ಬೇಕಾಗುತ್ತದೆ.

ಭೂಮಿ ಮತ್ತು ಮರದ ವಿಷಯಕ್ಕೆ ಬರುವ ಮುಂಚೆ ಮದುವೆಯ ಪದ್ಧತಿ ತಿಳಿದಿರಲೇಬೇಕು. ಮಧ್ಯ ಮತ್ತು ದಕ್ಷಿಣ ಮಲಾವಿಯ ಬಹುಭಾಗದಲ್ಲಿ ವಂಶ, ಭೂಮಿ ತಾಯಿಯ ಕಡೆಯಿಂದ ಬರುತ್ತದೆ. ಗಂಡ ಹೆಂಡತಿಯ ಊರಿಗೆ ಬಂದು ನೆಲೆಸುವ ಪದ್ಧತಿಗೆ ಚಿಕಾಮ್ವಿನಿ ಎನ್ನುತ್ತಾರೆ. ಹೆಂಡತಿ ತೀರಿಕೊಂಡರೆ ಅಥವಾ ಮದುವೆ ಮುರಿದರೆ ಗಂಡ ಆ ಊರು ಬಿಡಬೇಕಾಗಬಹುದು. ಹೀಗಿರುವಾಗ ಹತ್ತು ವರ್ಷಕ್ಕೆ ಫಲ ಕೊಡುವ ಮರ ನೆಡಿ, ಬದು ಹಾಕಿ ಎಂದು ಗಂಡಸರನ್ನಷ್ಟೇ ಕೂರಿಸಿಕೊಂಡು ಹೇಳಿದರೆ ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದು ಸೋಮಾರಿತನವಲ್ಲ, ಹಕ್ಕಿನ ಪ್ರಶ್ನೆ. ಹೆಂಡತಿ, ಆಕೆಯ ತಾಯಿ, ಸೋದರಮಾವ ಇರುವ ಸಭೆಯಲ್ಲಿ ಸಸಿ ಹಂಚಿ. ಉತ್ತರದ ಮ್ಜಿಂಬಾದಲ್ಲಿ ಪದ್ಧತಿ ತಂದೆಯ ಕಡೆಯದ್ದು, ಅಲ್ಲಿ ವಿಧವೆಯ ಭೂಮಿಯೇ ಸಮಸ್ಯೆ. ಒಂದೇ ಕೈಪಿಡಿ ಎರಡೂ ಕಡೆ ನಡೆಯುವುದಿಲ್ಲ.

ಹಾಗೆಯೇ, ಕರ್ನಾಟಕದಿಂದ ಹೋದವರಿಗೆ ಅಲ್ಲಿ ರಾಗಿಯ ಹೊಲ ಕಂಡರೆ ಕಲಿಸುವ ಉತ್ಸಾಹ ಬರುತ್ತದೆ. ರಾಗಿ ನಮಗೆ ಬಂದದ್ದೇ ಪೂರ್ವ ಆಫ್ರಿಕದ ಎತ್ತರದ ನೆಲದಿಂದ. ಮೊದಲು ಅಲ್ಲಿಯ ಅಜ್ಜಿಯರು ಯಾವ ತಳಿ ಉಳಿಸಿಕೊಂಡಿದ್ದಾರೆ, ಯಾಕೆ ಎಂದು ಕೇಳಿ ಬರೆದುಕೊಳ್ಳಿ.

ಹೆಜ್ಜೆ 5: ಜನ

ಬೆಳೆಯುವ ಕಚೇರಿಗೆ ಮೊದಲು ಬೇಕಾದ ಹೊಸ ಹುದ್ದೆ ಲೆಕ್ಕಪತ್ರದ್ದು. ಕಾರ್ಯಕ್ರಮದ ಸಿಬ್ಬಂದಿಯನ್ನು ಇಮ್ಮಡಿಸಿ ಲೆಕ್ಕದ ಮೇಜಿಗೆ ಅದೇ ಒಬ್ಬರನ್ನು ಬಿಟ್ಟರೆ ಮೂರನೇ ತಿಂಗಳಿಗೆ ವೋಚರುಗಳ ರಾಶಿ, ಆರನೇ ತಿಂಗಳಿಗೆ ದಾನಿಯ ಪತ್ರ. ಜಿಲ್ಲಾ ಸಂಯೋಜಕರನ್ನು ಒಳಗಿನಿಂದಲೇ ಬಡ್ತಿ ಕೊಟ್ಟು ಮಾಡುವುದು ಒಳ್ಳೆಯದು, ಆದರೆ ಒಳ್ಳೆಯ ಕ್ಷೇತ್ರಾಧಿಕಾರಿಗೆ ಬಜೆಟ್ ಓದುವುದನ್ನು ಮೂರು ತಿಂಗಳು ಕಲಿಸಿದ ಮೇಲೆ.

ಭಾಷೆ ನೋಡಿ ನೇಮಿಸಿ. ಡೆಡ್ಜಾದಲ್ಲಿ ಚಿಚೆವಾ ಸಾಕು. ಮಂಗೋಚಿಯಲ್ಲಿ ಚಿಯಾವೊ, ಮ್ಜಿಂಬಾದಲ್ಲಿ ಚಿತುಂಬುಕಾ ಬಲ್ಲವರಿಲ್ಲದಿದ್ದರೆ ಸಭೆಯಲ್ಲಿ ಗಂಡಸರು ಮಾತಾಡುತ್ತಾರೆ, ಶಾಲೆಗೆ ಹೋಗದ ಹೆಂಗಸರು ಸುಮ್ಮನಿರುತ್ತಾರೆ. ಕ್ಷೇತ್ರಾಧಿಕಾರಿ ತನ್ನ ಕ್ಷೇತ್ರದೊಳಗೇ ವಾಸಿಸಲಿ, ಬೋಮಾದಲ್ಲಿ ಅಲ್ಲ.

ಪಿಂಚಣಿಗೆ ಸಂಸ್ಥೆಯಿಂದ ಸಂಬಳದ ಕನಿಷ್ಠ ಶೇ 10, ನೌಕರರಿಂದ ಶೇ 5 ಕಟ್ಟಬೇಕು. ಬಜೆಟ್ ಮಾಡುವಾಗ ಇದನ್ನು ಮರೆತವರು ವರ್ಷದ ಕೊನೆಗೆ ಕಾರ್ಯಕ್ರಮದ ಹಣಕ್ಕೆ ಕೈಹಾಕುತ್ತಾರೆ. ವೈದ್ಯಕೀಯ ವಿಮೆ, ಅಪಘಾತ ವಿಮೆಯನ್ನು ಚಾಲಕರಿಗೂ ಕಾವಲುಗಾರರಿಗೂ ಮಾಡಿಸಿ. ಮಕ್ಕಳ ಮತ್ತು ಹೆಂಗಸರ ಸುರಕ್ಷತೆಯ ನೀತಿ, ದೂರು ಕೊಡಲು ಉಚಿತ ದೂರವಾಣಿ ಸಂಖ್ಯೆ ಹಳ್ಳಿಯ ಭಾಷೆಯಲ್ಲಿ, ಪ್ರತಿ ಗುಂಪಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿರಲಿ. ದೂರು ನೇರ ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯರೊಬ್ಬರಿಗೆ ತಲುಪಬೇಕು, ಜಿಲ್ಲಾ ಸಂಯೋಜಕರ ಮೂಲಕ ಹೋಗಬಾರದು.

ಹೆಜ್ಜೆ 6: ಹಣ, ಕರೆನ್ಸಿ, ದಾನಿ

2023ರ ನವೆಂಬರಿನಲ್ಲಿ ಮಲಾವಿಯ ರಿಸರ್ವ್ ಬ್ಯಾಂಕ್ ಒಂದು ಡಾಲರಿಗೆ ಸುಮಾರು 1,180 ಕ್ವಾಚಾ ಇದ್ದ ದರವನ್ನು ಸುಮಾರು 1,700ಕ್ಕೆ ಏರಿಸಿತು. ತಿಂಗಳಿಗೆ ಆರು ಲಕ್ಷ ಕ್ವಾಚಾ ಸಂಬಳದವರ ಲೆಕ್ಕ ನೋಡಿ: ಹಿಂದಿನ ದಿನ 508 ಡಾಲರ್, ಮರುದಿನ 353. ಕಾಗದದ ಮೇಲೆ ಕಚೇರಿಗೆ ಡಾಲರ್ ಅನುದಾನ ಹಿಗ್ಗಿದಂತೆ ಕಂಡಿತು, ಆದರೆ ಇಂಧನ, ಗೊಬ್ಬರ, ಅಕ್ಕಿ ಎಲ್ಲದರ ಬೆಲೆಯೂ ಏರಿತು. ಸಂಬಳ ಪರಿಷ್ಕರಿಸದ ಕಚೇರಿ ಅನುಭವಸ್ಥರನ್ನು ಉಳಿಸಿಕೊಳ್ಳುವುದು ಕಷ್ಟ.

ಇದಕ್ಕೆ ಮಾಡಬೇಕಾದದ್ದು ಇಷ್ಟು. ಬಜೆಟ್ಟಿನಲ್ಲಿ ಯಾವ ವಿನಿಮಯ ದರ ಹಿಡಿದಿದ್ದೀರಿ ಎಂದು ಬರೆಯಿರಿ. ದರ ಶೇ 15ಕ್ಕಿಂತ ಬದಲಾದರೆ ಬಜೆಟ್ ಮತ್ತು ಸಂಬಳ ಮರುಪರಿಶೀಲನೆ ಎಂಬ ಷರತ್ತನ್ನು ಒಪ್ಪಂದದಲ್ಲೇ ಹಾಕಿಸಿ. ಬ್ಯಾಂಕಿನಲ್ಲಿ ಡಾಲರ್ ಖಾತೆ ಇಟ್ಟು, ಆರು ವಾರಕ್ಕೆ ಬೇಕಾದಷ್ಟನ್ನೇ ಕ್ವಾಚಾಕ್ಕೆ ಬದಲಿಸಿ. ವರದಿ ಬರೆಯುವಾಗ ಇಂಟರ್‌ನೆಟ್ಟಿನ ದರ ಬೇಡ, ನಿಮ್ಮ ಬ್ಯಾಂಕ್ ನಿಜವಾಗಿ ಕೊಟ್ಟ ದರಗಳ ಸರಾಸರಿ ಹಾಕಿ. ದರ ಬದಲಾಗಿ ಕ್ವಾಚಾ ಉಳಿದರೆ ಅದನ್ನು ಎಲ್ಲಿ ಬಳಸುತ್ತೀರೆಂದು ಯೋಜನೆ ಮುಗಿಯುವ ಮೂರು ತಿಂಗಳು ಮೊದಲೇ ದಾನಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ.

ದಾನಿಗಳ ವಿಷಯದಲ್ಲಿ 2025 ಎಲ್ಲರಿಗೂ ಕಲಿಸಿತು. ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವಿಗೆ ತಡೆ ಹಾಕಿತು, ಜುಲೈ 1ಕ್ಕೆ ಅದರ ನೆರವು ಸಂಸ್ಥೆ ಯುಎಸ್‌ಏಡ್ ಕಾರ್ಯಾಚರಣೆಯನ್ನೇ ನಿಲ್ಲಿಸಿತು. ಒಂದೇ ದಾನಿಯ ಪಾಲು ವರ್ಷದ ಖರ್ಚಿನ ಶೇ 40 ದಾಟದಂತೆ ನೋಡಿಕೊಳ್ಳಿ. ಸಿಬ್ಬಂದಿಯನ್ನು ಕೈಬಿಡಬೇಕಾದರೆ ಕೊಡಬೇಕಾದ ಪರಿಹಾರದ ಮೊತ್ತವನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿ. ನಾಲ್ಕು ತಿಂಗಳ ಸಂಬಳ, ಬಾಡಿಗೆಯಷ್ಟು ಮುಕ್ತ ನಿಧಿ ಇಲ್ಲದೆ ಹೊಸ ಜಿಲ್ಲೆಗೆ ಹೋಗಬಾರದು. ಈ ನಿಧಿ ಯೋಜನಾ ಅನುದಾನದಿಂದ ಹುಟ್ಟುವುದಿಲ್ಲ, ಅದಕ್ಕೆ ವ್ಯಕ್ತಿಗಳ ದೇಣಿಗೆ ಬೇಕು.

ದಿನನಿತ್ಯದ ಕಟ್ಟುಪಾಡು: ಖರೀದಿ ಕೇಳುವವರು, ಒಪ್ಪುವವರು, ಹಣ ಕೊಡುವವರು, ಸರಕು ಪಡೆಯುವವರು ನಾಲ್ವರು ಬೇರೆ. ಮುಂಗಡ ಏಳು ದಿನದಲ್ಲಿ ಚುಕ್ತಾ ಆಗದಿದ್ದರೆ ಎರಡನೇ ಮುಂಗಡ ಇಲ್ಲ. ಮೋಸ ಹೆಚ್ಚಾಗಿ ದೊಡ್ಡ ಟೆಂಡರಿನಲ್ಲಿ ಸಿಗುವುದಿಲ್ಲ, ತರಬೇತಿಯ ಊಟದ ಬಿಲ್ಲಿನಲ್ಲಿ ಸಿಗುತ್ತದೆ. ಬೇರೆ ಬೇರೆ ಹಳ್ಳಿಯ ಅಡುಗೆಯವರ ಬಿಲ್ಲುಗಳು ಒಂದೇ ರಸೀದಿ ಪುಸ್ತಕದ ಅನುಕ್ರಮ ಸಂಖ್ಯೆಯಲ್ಲಿದ್ದರೆ, ಹಾಜರಿ ಪಟ್ಟಿಯ ನಲವತ್ತು ಸಹಿಗಳು ಒಂದೇ ಪೆನ್ನು, ಒಂದೇ ಓರೆಯಲ್ಲಿದ್ದರೆ ಅಲ್ಲಿ ನಿಲ್ಲಿ. ಪಟ್ಟಿಯಿಂದ ಹತ್ತರಲ್ಲಿ ಒಬ್ಬರಿಗೆ ಫೋನ್ ಮಾಡಿ, ಬಂದಿದ್ದಿರಾ, ಏನು ಊಟ ಇತ್ತು ಎಂದು ಕೇಳಿ.

ಹೆಜ್ಜೆ 7: ಗಾಡಿ, ಇಂಧನ

ಕ್ಷೇತ್ರಾಧಿಕಾರಿಗೆ 100ರಿಂದ 125 ಸಿಸಿಯ, ಮಣ್ಣುರಸ್ತೆಗೆ ಮಾಡಿದ ಬೈಕು ಸಾಕು. ಯಮಾಹಾ ಎಜಿ100ಕ್ಕೆ ಬಿಡಿಭಾಗ ಬೋಮಾಗಳಲ್ಲೂ ಸಿಗುತ್ತದೆ. ಹತ್ತು ಬೈಕು, ತಿಂಗಳಿಗೆ ತಲಾ 900 ಕಿ.ಮೀ., ಲೀಟರಿಗೆ 30 ಕಿ.ಮೀ. ಎಂದರೆ 300 ಲೀಟರ್. ಒಂದು ಪಿಕಪ್ 2,500 ಕಿ.ಮೀ. ಓಡಿದರೆ 250 ಲೀಟರ್. ತಿಂಗಳಿಗೆ 550 ಲೀಟರ್ ಎಂಬ ಅಂಕಿ ಗೊತ್ತಿದ್ದರೆ ಸೋರಿಕೆ ತಾನಾಗಿ ಕಾಣುತ್ತದೆ. ಲೀಟರಿಗೆ 25ಕ್ಕಿಂತ ಕೆಳಗಿಳಿದ ಬೈಕನ್ನು ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ಸವಾರರನ್ನು ಕೇಳಿ.

ವಿದೇಶಿ ವಿನಿಮಯದ ಕೊರತೆಯಿಂದ ಬಂಕುಗಳಲ್ಲಿ ಇಂಧನ ಇಲ್ಲದ ವಾರಗಳು ಬರುತ್ತವೆ. ಕಚೇರಿಯ ಕೋಣೆಯಲ್ಲಿ ಕ್ಯಾನುಗಳಲ್ಲಿ ಪೆಟ್ರೋಲ್ ತುಂಬಿಡುವ ದುಡುಕು ಬೇಡ, ಒಂದು ಕಿಡಿ ಸಾಕು. ಒಂದೇ ದಿಕ್ಕಿನ ಮೂರು ಗುಂಪಿನ ಸಭೆಯನ್ನು ಒಂದೇ ದಿನಕ್ಕೆ ಇಟ್ಟರೆ ಕಿಲೋಮೀಟರ್ ಗಣನೀಯವಾಗಿ ಇಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಯಾವ ಗಾಡಿಯೂ ಹೊರಡಬಾರದು: ದೀಪವಿಲ್ಲದ ಸೈಕಲ್, ಕೆಟ್ಟು ನಿಂತ ಲಾರಿ, ಆಡು ಇವೇ ರಾತ್ರಿಯ ಅಪಘಾತಕ್ಕೆ ಕಾರಣ.

ಹೆಜ್ಜೆ 8: ಎರಡನೇ ಮತ್ತು ಮೂರನೇ ಜಿಲ್ಲೆ

ಹೊರಡುವ ಮುಂಚೆ ಸಂಸ್ಥೆಯ ಆಡಳಿತ ಮಂಡಳಿ ಐದು ಪ್ರಶ್ನೆಗೆ ಹೌದು ಎನ್ನಬೇಕು. ಹಿಂದಿನ ಹನ್ನೆರಡು ತಿಂಗಳಲ್ಲಿ ಬ್ಯಾಂಕ್ ತಾಳೆಪಟ್ಟಿ ಪ್ರತಿ ತಿಂಗಳು ಹತ್ತನೇ ತಾರೀಕಿನೊಳಗೆ ಆಗಿದೆಯೇ? ಲೆಕ್ಕ ಪರಿಶೋಧಕರ ಹಳೆಯ ಆಕ್ಷೇಪಗಳು ತೀರಿವೆಯೇ? ಮೇಲ್ವಿಚಾರಕರು ಮರುಪರಿಶೀಲಿಸಿದ ದಾಖಲೆಗಳಲ್ಲಿ ಹತ್ತರಲ್ಲಿ ಒಂಬತ್ತು ಸರಿಯಿವೆಯೇ? ಮೊದಲ ವರ್ಷದ ಗುಂಪುಗಳು ನಮ್ಮವರಿಲ್ಲದೆ ಹಂಚಿಕೆ ಮಾಡಿಕೊಂಡಿವೆಯೇ? ಮೊದಲ ಜಿಲ್ಲೆಯನ್ನು ನಡೆಸುವ ಸಂಯೋಜಕರು ಒಂದು ತಿಂಗಳು ನಿರ್ದೇಶಕರ ಫೋನಿಲ್ಲದೆ ನಡೆಸಿದ್ದಾರೆಯೇ? ಯಾವುದಾದರೊಂದಕ್ಕೆ ಇಲ್ಲ ಎಂದಾದರೆ ಅನುದಾನವನ್ನು ಆರು ತಿಂಗಳು ಮುಂದೂಡಲು ಕೇಳಿ. ದಾನಿಗಳು ಇದಕ್ಕೆ ಸಿಟ್ಟಾಗುವುದು ಅಪರೂಪ.

ಎರಡನೇ ಜಿಲ್ಲೆ ಪಕ್ಕದ್ದಾಗಿರಲಿ. ಡೆಡ್ಜಾದ ನಂತರ ನ್ಚೆವು ಅಥವಾ ಸಲಿಮಾ. ನ್ಚೆವು ಅದೇ ಎಂ1 ಮೇಲಿದೆ. ಸಲಿಮಾ ಸರೋವರದ ದಡದ ತಗ್ಗು ಬಿಸಿಲು ನೆಲ, ಡೆಡ್ಜಾದ ತಂಪಿನಲ್ಲಿ ಬಂದ ತಳಿ, ಬಿತ್ತನೆಯ ದಿನ ಅಲ್ಲಿಗೆ ಹೊಂದುವುದಿಲ್ಲ. ಮೊದಲ ವರ್ಷ ಒಂದೇ ಟಿಎ ಪ್ರದೇಶದಲ್ಲಿ, ನಾಲ್ವರು ಕ್ಷೇತ್ರಾಧಿಕಾರಿಗಳೊಂದಿಗೆ ಶುರು ಮಾಡಿ, ಅವರಲ್ಲಿ ಇಬ್ಬರು ಹಳೆಯ ಜಿಲ್ಲೆಯಿಂದ ಬಂದವರು. ಆ ಜಿಲ್ಲೆಯ ಕೆಲವು ಬಿಲ್ಲುಗಳಷ್ಟೇ ಅಲ್ಲಿಯೇ ಪಾಸಾಗಲಿ: ಇಂಧನ, ಊಟ, ರಿಪೇರಿ. ಸಂಬಳ, ದೊಡ್ಡ ಖರೀದಿ ಮೊದಲ ವರ್ಷ ಲಿಲಾಂಗ್ವೆಯಲ್ಲೇ.

ಮೂರನೆಯದಾಗಿ ದಕ್ಷಿಣದ ತುದಿಯ ಚಿಕ್ವಾವಾ, ನ್ಸಾಂಜೆಗೆ ಹೋಗುವ ಒತ್ತಡ ಬರುತ್ತದೆ, ಬಡತನ ಅಲ್ಲಿ ಹೆಚ್ಚು. ಹೋಗಬೇಕಾದ ಜಾಗವೇ. ಆದರೆ 2019ರ ಇಡಾಯ್, 2022ರ ಆನಾ, 2023ರ ಫ್ರೆಡ್ಡಿ ಚಂಡಮಾರುತಗಳು ಶಿರೆ ನದಿಯ ಕೆಳಕಣಿವೆಯನ್ನು ಮತ್ತೆ ಮತ್ತೆ ಮುಳುಗಿಸಿವೆ. ಅಲ್ಲಿ ಉಗ್ರಾಣ ಎತ್ತರದಲ್ಲಿರಬೇಕು, ಬಜೆಟ್ಟಿನ ಶೇ 5ರಿಂದ 10 ತುರ್ತಿಗೆ ಬದಲಿಸಬಹುದಾದ ಹಣವಾಗಿರಬೇಕು, ಕೊಳವೆಬಾವಿಯ ಕಟ್ಟೆಯನ್ನು ಪ್ರವಾಹದ ಗುರುತಿಗಿಂತ ಮೇಲೆ ಕಟ್ಟಬೇಕು. ಇವಿಲ್ಲದೆ ಮೊದಲ ಪ್ರವಾಹಕ್ಕೆ ಯೋಜನೆಯೂ ಹೋಗುತ್ತದೆ, ಸಿಬ್ಬಂದಿಯ ಧೈರ್ಯವೂ ಹೋಗುತ್ತದೆ.

ಹೊಸ ಜಿಲ್ಲೆ ಶುರುವಾದ ವರ್ಷವೇ ಹಳೆಯ ಜಿಲ್ಲೆಯಿಂದ ಹಿಂದೆ ಸರಿಯುವ ಕೆಲಸ ಆರಂಭವಾಗಬೇಕು, ಇಲ್ಲದಿದ್ದರೆ ಕಚೇರಿ ಅಗಲವಾಗುತ್ತದೆ, ಬಲವಾಗುವುದಿಲ್ಲ. ಕ್ಷೇತ್ರಾಧಿಕಾರಿಯ ಬದಲು ಹಳ್ಳಿಯದೇ ತರಬೇತಿದಾರರು, ಅವರಿಗೆ ಗುಂಪುಗಳೇ ಕೊಡುವ ಶುಲ್ಕ. ಪಂಪುಗಳ ಪಟ್ಟಿ, ಆಳ, ಕೊರೆದ ವರ್ಷ, ಸಮಿತಿಯವರ ಹೆಸರು ಜಿಲ್ಲಾ ನೀರು ಕಚೇರಿಗೆ. ಬೋಮಾದ ಒಬ್ಬ ಅಂಗಡಿಯವರ ಬಳಿ ಯು-ಸೀಲ್, ಬಾಬಿನ್, ಬುಷ್, ರಾಡು ಯಾವಾಗಲೂ ಸಿಗುವಂತೆ, ಮೊದಲ ದಾಸ್ತಾನನ್ನು ಸಾಲದ ಮೇಲೆ ಕೊಟ್ಟು, ಮಾರಿದ ಹಣದಲ್ಲಿ ತೀರಿಸಿಕೊಳ್ಳುವ ಒಪ್ಪಂದ ಮಾಡಿಕೊಳ್ಳಿ. ಪ್ರತಿ ನೀರಿನ ಸಮಿತಿಯ ಕೈಯಲ್ಲಿ ಒಂದು ವರ್ಷದ ಬಿಡಿಭಾಗಕ್ಕೆ ಸಾಕಾಗುವಷ್ಟು ಹಣ ಇದೆಯೇ ಎಂದು ಕೊನೆಯ ಆರು ತಿಂಗಳಲ್ಲಿ ಎರಡು ಬಾರಿ ಎಣಿಸಿ ನೋಡಿ. ಇಲ್ಲದ ಸಮಿತಿಗಳ ಜೊತೆ ಕ್ಷೇತ್ರಾಧಿಕಾರಿ ಇನ್ನೊಂದು ಒಣ ಋತು ಉಳಿಯಲಿ.